ಟ್ಯೂನ್ ಅಳಿಸೋ ಮುಂಚೆ

ಪ್ರೀತಿಯ ಪುಟ್ಟಿಗೆ, ಮಾವನ ಆಶೀರ್ವಾದಗಳು.

ನೀನು ಮಾಡಿದ ಟ್ಯೂನ್ ಕೇಳಿ ಗೆಳತಿ ಒಬ್ಬಳು "ಇದನ್ನ ಎಲ್ಲೋ ಕೇಳಿದೀನಿ ಕಣೇ" ಅಂದಳಂತೆ. ಅವತ್ತೇ ಫೋನಿಂದ ಅಳಿಸಿಬಿಟ್ಟೆಯಂತೆ. ನಿಮ್ಮಮ್ಮ ಹೇಳಿದಳು. ಎಲ್ಲಿ ಕೇಳಿದ್ದೇ ಅಂತ ಅವಳನ್ನ ವಾಪಸ್ ಕೇಳಿದೆಯಾ? ಕೇಳಿರಲ್ಲ, ನನಗೆ ಗೊತ್ತು.

ಹಗಲೂ ರಾತ್ರಿ ಬೀಟಲ್ಸ್ ಹಾಡು ಹಾಕಿಕೊಂಡು ಕೂರ್ತೀಯಲ್ಲ, ಅವರಿಗೂ ಈ ಭಯ ಇತ್ತು. ಆ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಒಂದು ಕಾಲಕ್ಕೆ ಲಂಡನ್ನಿನ ವಿಂಪೋಲ್ ಸ್ಟ್ರೀಟ್‌ನಲ್ಲಿ ಗೆಳತಿಯ ಮನೆಯಲ್ಲಿದ್ದ. ಒಂದು ದಿನ ಬೆಳಗ್ಗೆ ಎದ್ದಾಗ ತಲೆಯಲ್ಲಿ ಇಡೀ ಒಂದು ಟ್ಯೂನ್ ಇತ್ತು. ಮಂಚದ ಪಕ್ಕದಲ್ಲೇ ಪಿಯಾನೋ. ಕೂತು ನುಡಿಸಿದ. ಇಷ್ಟು ಸಲೀಸಾಗಿ ಬಂದಿದೆ ಅಂದ್ರೆ ಯಾರದ್ದೋ ಕದ್ದಿರಬೇಕು ಅಂತ ಅನುಮಾನ ಶುರುವಾಯ್ತು. ಆದರೆ ಅವನು ಅಳಿಸಲಿಲ್ಲ ಪುಟ್ಟಿ. ಸಿಕ್ಕಸಿಕ್ಕವರಿಗೆ ನುಡಿಸಿ ತೋರಿಸಿದ: ಇದು ಗೊತ್ತಾ, ಯಾರದ್ದು ಇದು? ಬಿದ್ದು ಸಿಕ್ಕ ಪರ್ಸನ್ನು ಪೊಲೀಸ್ ಸ್ಟೇಷನ್ನಿಗೆ ಕೊಟ್ಟು ಕಾಯ್ತಾರಲ್ಲ, ಹಾಗೆ. ವಾರಗಟ್ಟಲೆ ಕೇಳಿದರೂ ವಾರಸುದಾರರು ಯಾರೂ ಬರಲಿಲ್ಲ. ಸರಿ, ನಂದೇ ಅಂದುಕೊಂಡ.

ಸಾಹಿತ್ಯ ಹುಟ್ಟಿರಲಿಲ್ಲ. ಅಲ್ಲಿಯವರೆಗೆ ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಅಂತ ಹಾಡಿಕೊಂಡಿದ್ದ. ನಮ್ಮ ಎಗ್ ಬುರ್ಜಿ! ನಮ್ಮ ಸಿನಿಮಾದವರು ಡಮ್ಮಿ ಸಾಹಿತ್ಯ ಅಂತಾರಲ್ಲ, ಅದೇ. ನಿಜವಾದ ಪದಗಳು ಬಂದದ್ದು 1965ರ ಮೇ ತಿಂಗಳಲ್ಲಿ, ಪೋರ್ಚುಗಲ್‌ನಲ್ಲಿ ಕಾರಲ್ಲಿ ಹೋಗುವಾಗ. ಬುರ್ಜಿ ಹೋಗಿ ‘ಯೆಸ್ಟರ್‌ಡೇ’ ಆಯ್ತು. ಜೂನ್ 14ಕ್ಕೆ ರೆಕಾರ್ಡಿಂಗ್. ಅದೇ ದಿನ ಅವನು ‘ಐಯಾಮ್ ಡೌನ್’ ಅನ್ನೋ ಹಾಡನ್ನು ಗಂಟಲು ಹರಿಯೋ ಹಾಗೆ ಕಿರುಚಿ ಹಾಡಿದ್ದ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳು, ಒಂದೇ ಗಂಟಲು ಅಂತ ನಂಬೋಕಾಗಲ್ಲ.

‘ಹೇ ಜೂಡ್’ ಹಾಡಿಂದೂ ಹೀಗೇ, ಇನ್ನೊಬ್ಬರಿಗೆ ಕೇಳಿಸಿದ್ದಕ್ಕೇ ಒಂದು ಸಾಲು ಉಳೀತು. ಬೇಕಾದ ಚಲನೆ ನಿನ್ನ ಹೆಗಲ ಮೇಲೇ ಇದೆ ಅನ್ನೋ ಸಾಲನ್ನ ಆಮೇಲೆ ಸರಿಮಾಡ್ತೀನಿ ಅಂದಿದ್ದ ಪಾಲ್. ಹಾಡಿನಲ್ಲೇ ಒಳ್ಳೇ ಸಾಲು ಅದು, ಮುಟ್ಟಬೇಡ ಅಂದ ಬ್ಯಾಂಡಿನ ಜೊತೆಗಾರ ಜಾನ್ ಲೆನನ್.

ಇನ್ನೊಬ್ಬರನ್ನ ಕೇಳೋಕೆ ನಾಚಿಕೆ ಅಂತೀಯಾ? 1965ರ ಅಕ್ಟೋಬರ್‌ನಲ್ಲಿ ‘ನಾರ್ವೇಜಿಯನ್ ವುಡ್’ ಹಾಡು ರೆಕಾರ್ಡ್ ಮಾಡುವಾಗ ಅದೇ ಬ್ಯಾಂಡಿನ ಜಾರ್ಜ್ ಹ್ಯಾರಿಸನ್‌ನ ಸಿತಾರಿನ ತಂತಿ ಕಿತ್ತುಹೋಯ್ತು. ಸಿತಾರ್ ಅವನು ಲಂಡನ್ನಿನ ಅಂಗಡಿಯಲ್ಲಿ ಅಗ್ಗಕ್ಕೆ ತಂದದ್ದು. ಸರಿಯಾಗಿ ಕಲಿತೂ ಇರಲಿಲ್ಲ. ತಂತಿಗಾಗಿ ಸ್ಟುಡಿಯೋದಿಂದ ಏಷಿಯನ್ ಮ್ಯೂಸಿಕ್ ಸರ್ಕಲ್ ಅನ್ನೋ ಲಂಡನ್ನಿನ ಸಂಗೀತ ಸಂಸ್ಥೆಗೆ ಫೋನ್ ಹೋಯ್ತು. ಅದನ್ನ ನಡೆಸುತ್ತಿದ್ದವರು ಯಾರು ಗೊತ್ತಾ? ಅಯನ ದೇವ ಅಂಗಡಿ ಮತ್ತು ಅವರ ಹೆಂಡತಿ ಪೆಟ್ರಿಶಿಯಾ. ಅಡ್ಡಹೆಸರಲ್ಲೇ ಗೊತ್ತಾಗುತ್ತೆ ನೋಡು, ಅಯನ ದೇವ ಉತ್ತರ ಕರ್ನಾಟಕ ಮೂಲದವರು. ಅವರ ಮನೆಯಲ್ಲಿ ತಂತಿ ಇತ್ತು. ಮುಂದಿನ ವರ್ಷ ಅದೇ ಮನೆಯಲ್ಲಿ ಜಾರ್ಜ್‌ಗೆ ಸಿತಾರ್ ವಾದಕ ಪಂಡಿತ್ ರವಿಶಂಕರ್ ಪರಿಚಯವಾಯ್ತು. ಒಂದು ತಂತಿ ಬೇಕು ಅಂತ ಮಾಡಿದ ಫೋನಿಂದ!

ನಿನ್ನ ವಯಸ್ಸಲ್ಲಿ ನಾನೂ ಯಾರೋ ನಕ್ಕರು ಅಂತ ಹಾಡಿನ ನೋಟ್‌ಬುಕ್ಕನ್ನೇ ರದ್ದಿಗೆ ಹಾಕಿದ್ದೆ. ಕೆಜಿಗೆ ಎಷ್ಟು ಕೊಟ್ಟ ಅನ್ನೋದೂ ಈಗ ನೆನಪಿಲ್ಲ.

ಟ್ಯೂನ್ ಫೋನಲ್ಲಿ ಇಲ್ಲದಿದ್ದರೂ ತಲೆಯಲ್ಲಿ ಇದೆ ಅಲ್ವಾ? ಇವತ್ತು ರಾತ್ರಿಯೇ ಹಾಡಿ ನನಗೆ ಕಳಿಸು. ಪದ ಸಿಗದಿದ್ದರೆ ಸುಮ್ನೆ ‘ಉಪ್ಪಿಟ್ಟು ಉಪ್ಪಿಟ್ಟು’ ಅಂತ ಹಾಡು. ನಾನು ಮತ್ತು ನಿಮ್ಮತ್ತೆ ಕೇಳಿ, ಯಾವ ಹಳೇ ಹಾಡಿನ ಹಾಗಿದೆ ಅಂತ ಹುಡುಕ್ತೀವಿ. ಅವಳ ನೆನಪಿನ ಶಕ್ತಿ ನಿನಗೆ ಗೊತ್ತೇ ಇದೆ.

ಇಂತಿ,
ನಿನ್ನ ಮಾವ