ಗಾಳಿಯ ಸೆನ್ಸರ್: ಕೇಳದೆ ಹಾಕಬೇಡಿ

ಸಂಪಾದಕರೇ,

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಮನೆಗೂ ಗಾಳಿಯ ಗುಣಮಟ್ಟ ಅಳೆಯುವ ಸೆನ್ಸರ್ ಹಾಕಿಸುವ ಮಾತು ನಡೆದಿದೆ. ಕ್ಯಾಮೆರಾ ಅಲ್ವಲ್ಲ, ಏನು ತೊಂದರೆ ಎನ್ನುತ್ತಾರೆ. ತೊಂದರೆ ಇದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ. ಬಾಗಿಲು ಹಾಕಿದ ಕೋಣೆಯಲ್ಲಿ ಇಬ್ಬರು ಮಲಗಿದರೆ ಅದು ಸಾವಿರ ದಾಟಬಹುದು. ಬಂಗುಡೆ ಕಾವಲಿಗೆ ಬಿದ್ದರೆ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ ಪ್ರಮಾಣ, ಏರುತ್ತದೆ. ಬಿಸಿನೀರಿನ ಸ್ನಾನಕ್ಕೆ ತೇವಾಂಶ ಏರುತ್ತದೆ, ನಮ್ಮ ಮಳೆಗಾಲದಲ್ಲಿ ಅದು ಹೇಗೂ ಜಾಸ್ತಿ ಬಿಡಿ. ಮನೆಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ, ಯಾವಾಗ ಮಲಗಿದರು ಎಂದು ಊಹಿಸಲು ಇಷ್ಟು ಸಾಕು. ಶಾಲೆ, ಆಸ್ಪತ್ರೆ, ಸಭಾಂಗಣಕ್ಕೆ ಇಂಥ ಸೆನ್ಸರ್ ಖಂಡಿತ ಬೇಕು. ಮಲಗುವ ಕೋಣೆಗೆ ಹಾಕುವುದಾದರೆ ಅಲ್ಲಿರುವವರನ್ನು ಕೇಳಿಯೇ ಹಾಕಬೇಕು. ಅಂಕಿಗಳನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದನ್ನೂ ಬರೆದುಕೊಡಬೇಕು.

– ಒಬ್ಬ ನಿವಾಸಿ, ಬಿಜೈ, ಮಂಗಳೂರು