ಲಾಹೋರ್ ರೂಪಾಯಿಯನ್ನು ಉಜ್ಜಬೇಡಿ

ಸಂಪಾದಕರೇ,

ಬ್ರಿಟಿಷ್ ದೊರೆ ಆರನೇ ಜಾರ್ಜ್ ಚಿತ್ರದ 1944, 1945ರ ರೂಪಾಯಿಯಲ್ಲಿ ಇಸವಿ ಇರುವ ಬದಿಯಲ್ಲಿ ಪುಟ್ಟ ‘ಎಲ್’ ಅಕ್ಷರವಿದ್ದರೆ ಅದು ಲಾಹೋರ್ ಟಂಕಸಾಲೆಯದು. ಅದನ್ನು ಅಪರೂಪವೆಂದು ನಂಬಿ ಹೆಚ್ಚು ಬೆಲೆ ಕೊಡಬೇಡಿ, ಕೋಟಿಗಟ್ಟಲೆ ಅಚ್ಚಾದ ನಾಣ್ಯವದು. ತೂಕ 11.66 ಗ್ರಾಂ, ಬೆಳ್ಳಿ ಅರ್ಧ ಮಾತ್ರ, ಅಂದರೆ 5.83 ಗ್ರಾಂ. ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಾದರೆ ಶೇ 91.7 ಬೆಳ್ಳಿ. ಎರಡನ್ನೂ ಒಂದೇ ದರಕ್ಕೆ ಕೊಂಡವರಿಗೆ ನಷ್ಟ ಖಚಿತ.

ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ಸವೆಯದ ಮೇಲ್ಮೈಗೆ. ಲಕ್ಷ್ಮೀಪೂಜೆಗೆಂದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರೆ ಅಚ್ಚಿನ ಮೂಲ ಹೊಳಪು ಹೋಗುತ್ತದೆ, ಮತ್ತೆ ಬರುವುದಿಲ್ಲ. ಕೊಳ್ಳುವ ಮುನ್ನ, ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದ ಗುರುತಿದೆಯೇ ಎಂದು ಅಂಚಿನಲ್ಲಿ ಹುಡುಕಿ. ಪಿವಿಸಿ ಎಂಬ ಪ್ಲಾಸ್ಟಿಕ್‌ನ ಲಕೋಟೆಯಲ್ಲಿಟ್ಟರೆ ನಾಣ್ಯಕ್ಕೆ ಹಸಿರು ಅಂಟು ಹಿಡಿಯುತ್ತದೆ.

– ನಾಣ್ಯ ಸಂಗ್ರಾಹಕರು