ಒಂಬತ್ತರೊಳಗಿನ ಹತ್ತು

ಪೊನ್ನಂಪೇಟೆ

ಪ್ರೀತಿಯ ಗೆಳೆಯಾ,

ಹೋದ ಸಲ ಫೋನಿನಲ್ಲಿ ನೀನು "ನಿನ್ನ ಇಂಫಾಲ್‌ನ ರೂಮ್‌ಮೇಟ್ ಹೇಗಿದ್ದಾನೆ, ಮಾತಾಡ್ತಾನಾ?" ಅಂತ ಕೇಳಿದ್ದೆ. "ಪಾಪ, ಸುಮ್ಮನಿರ್ತಾನೆ" ಅಂತ ನಾನು ಅಂದುಬಿಟ್ಟೆ. ಆ ಉತ್ತರ ತಪ್ಪು ಕಣೋ. ಸುಮ್ಮನಿದ್ದವನು ನಾನು. ಒಂದು ವರ್ಷ ಒಂದೇ ಕೋಣೆಯಲ್ಲಿದ್ದರೂ ಊಟ, ಚಳಿ, ಮಳೆ ಬಿಟ್ಟು ಅವನನ್ನು ಬೇರೇನೂ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ಮರದ ಲೆಕ್ಕ.

ಇಲ್ಲಿ ಅರಣ್ಯ ಕಾಲೇಜಿನಲ್ಲಿ ಮರ ಎಣಿಸುವುದೂ ಪಾಠವೇ. ನೆಲದಿಂದ ೧.೩೭ ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಒಬ್ಬ ಸುತ್ತಳತೆ ಕೂಗಬೇಕು, ಇನ್ನೊಬ್ಬ ಬರೆದುಕೊಳ್ಳಬೇಕು. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುವುದು ನನಗೆ ಗೊತ್ತಿತ್ತು. ಕಾಡಿನ ಲೆಕ್ಕಕ್ಕೆ ಬೇರೆಯದೇ ಕ್ರಮವಿದೆ: ಚೌಕದ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ, ಅವನ್ನು ಸೇರಿಸುವ ನಾಲ್ಕು ಗೆರೆ, ಮೂಲೆಯಿಂದ ಮೂಲೆಗೆ ಇನ್ನೆರಡು. ಅಲ್ಲಿಗೆ ಹತ್ತು ಮರ. ಪುಟದ ತುಂಬ ಪುಟ್ಟ ಪುಟ್ಟ ಕಿಟಕಿಗಳು.

ನಮ್ಮ ಗುಂಪಿನಲ್ಲಿ ನಾಲ್ವರು. ವಿರಾಜಪೇಟೆ ಕಡೆಯ ಕೊಡವ ಹುಡುಗ, ರಾಜಸ್ಥಾನದವನೊಬ್ಬ, ಇಂಫಾಲ್‌ನವನು, ನಾನು. ಜೋರಾಗಿ ಕೂಗುವುದೆಲ್ಲ ಇಂಗ್ಲಿಷಿನಲ್ಲಿ. ಆದರೆ ಕಿವಿಗೊಟ್ಟರೆ ಒಬ್ಬೊಬ್ಬನ ತುಟಿಯೊಳಗೂ ಬೇರೆ ಬೇರೆ ಎಣಿಕೆ ನಡೆದಿತ್ತು. "ಒಂದ್, ದಂಡ್, ಮೂಂದ್, ನಾಲ್, ಅಂಜಿ" ಅಂತ ಒಬ್ಬ. "ತೀನ್, ಚಾರ್, ಪಾಂಚ್" ಅಂತ ಇನ್ನೊಬ್ಬ. "ಅಮಾ, ಅನಿ, ಅಹುಮ್" ಅನ್ನುತ್ತಿದ್ದವನು ನನ್ನ ರೂಮ್‌ಮೇಟ್. ಬುತ್ತಿ ಬಿಚ್ಚಿ ಕೂತಾಗ, "ಹತ್ತರವರೆಗೂ ಹೇಳೋ" ಅಂದೆ. ಹೇಳಿದ. ಕೊನೆಯ ಮೂರು ನಿಪಾನ್, ಮಾಪನ್, ತರಾ. ನಿಪಾನ್ ಅಂದರೆ ಹತ್ತಕ್ಕೆ ಎರಡು ಕಮ್ಮಿ, ಮಾಪನ್ ಅಂದರೆ ಒಂದು ಕಮ್ಮಿ ಅಂತ ಬಿಡಿಸಿಯೂ ತೋರಿಸಿದ.

ನನಗೆ ಮೈ ಜುಮ್ಮೆಂದಿತು ಮಾರಾಯ. ನಮ್ಮ ಒಂಬತ್ತೂ ಅದೇ ಅಲ್ಲವೇನೋ! ಹತ್ತನ್ನು ಹಳಗನ್ನಡದಲ್ಲಿ ‘ಪತ್ತು’ ಅನ್ನುತ್ತಿದ್ದರು. ಅದಕ್ಕೆ ಒಂದು ಕಮ್ಮಿಯಾದದ್ದೇ ಒಂಬತ್ತು. ನಾವು ಪತ್ತನ್ನು ಹತ್ತು ಮಾಡಿಕೊಂಡೆವು, ಒಂಬತ್ತಿನ ಒಳಗೆ ಮಾತ್ರ ಆ ಹಳೆಯ ‘ಪ’ ‘ಬ’ ಆಗಿ ಕೂತೇ ಇದೆ. ಕೊಡವ ಹುಡುಗನಿಗೆ ಹತ್ತು ಇವತ್ತಿಗೂ ‘ಪತ್ತ್’. ನಮ್ಮ ಸುಗ್ಗಿ ಹಬ್ಬ ಹುತ್ತರಿ ಅವನಿಗೆ ಪುತ್ತರಿ ಆದ ಹಾಗೆ. ರಾಜಸ್ಥಾನದವನೂ ಬಿಡಲಿಲ್ಲ. ಹಿಂದಿಯ ಉನ್ನೀಸ್ ಅಂದರೆ ಇಪ್ಪತ್ತಕ್ಕೆ ಒಂದು ಕಮ್ಮಿ, ನಾವು ಸಂಸ್ಕೃತದಿಂದ ತಂದ ‘ಏಕೋನ’ದ ‘ಊನ’ವೇ ಅಲ್ಲಿರುವುದು. ಎಲ್ಲಿಂದೆಲ್ಲಿಂದಲೋ ಬಂದ ಮೂರು ಭಾಷಾಕುಲಗಳು ಒಂದೇ ಮರದಡಿ ಕೂತು ಒಂದು ಕಮ್ಮಿ, ಒಂದು ಕಮ್ಮಿ ಅನ್ನುತ್ತಿದ್ದವು!

ಇನ್ನೂ ಇದೆ ಕೇಳು. ನನ್ನ ರೂಮ್‌ಮೇಟ್‌ನ ಮಣಿಪುರಿಯಲ್ಲಿ ನಲವತ್ತು ‘ನಿಫು’, ಅಂದರೆ ಎರಡು ಇಪ್ಪತ್ತು. ಅರವತ್ತು ‘ಹುಮ್ಫು’, ಮೂರು ಇಪ್ಪತ್ತು. ಎಂಬತ್ತು ‘ಮರಿಫು’. ಐವತ್ತಕ್ಕೆ ಮಾತ್ರ ನೂರರ ಅರ್ಧ ಅಂತ ಬೇರೆಯೇ ಹೆಸರು. ಕೈಕಾಲಿನ ಬೆರಳೆಲ್ಲ ಸೇರಿದರೆ ಇಪ್ಪತ್ತು ತಾನೇ? ದೂರದ ಮಧ್ಯ ಅಮೆರಿಕದ ಮಾಯಾ ಜನ ಕೂಡ ಇಪ್ಪತ್ತರ ಮೇಲೇ ತಮ್ಮ ಅಂಕಿ ಕಟ್ಟಿದ್ದರು. ಭತ್ತದ ಅಳತೆಯಲ್ಲಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅಂತ ಅಜ್ಜ ಹೇಳುತ್ತಿದ್ದದ್ದು ನೆನಪಾಗಿ ಅವನಿಗೆ ಹೇಳಿದೆ. "ಹಾಗಾದರೆ ನಿಮ್ಮಜ್ಜ ನಮ್ಮವರೇ" ಅಂದ. ಒಂದು ವರ್ಷದಲ್ಲಿ ಅವನು ಅಷ್ಟು ಗಟ್ಟಿಯಾಗಿ ನಕ್ಕದ್ದು ಅವತ್ತೇ.

ಆಮೇಲೆ ನಾಲ್ಕು ದಿನ ಲೈಬ್ರರಿಯಲ್ಲಿ ಇದೇ ಓದು. ೬೬೨ರಲ್ಲಿ ಸೆವೆರಸ್ ಸೆಬೋಖ್ತ್ ಅನ್ನುವ ಸಿರಿಯಾದ ಬಿಷಪ್, ಎಲ್ಲ ವಿದ್ಯೆಯೂ ಗ್ರೀಕರದೇ ಅಂತ ಬೀಗುವವರಿಗೆ ಭಾರತದವರ ಒಂಬತ್ತು ಚಿಹ್ನೆಗಳ ಲೆಕ್ಕವನ್ನು ಎತ್ತಿ ತೋರಿಸಿದ್ದ. ತನ್ನದಲ್ಲದ ವಿದ್ಯೆಯನ್ನು ಹೀಗೆ ಮನಸಾರೆ ಹೊಗಳಿದ ಆ ಮನುಷ್ಯ ನನಗೆ ತುಂಬ ಹಿಡಿಸಿದ. ಗ್ವಾಲಿಯರ್‌ನ ಪುಟ್ಟ ಗುಡಿಯೊಂದರಲ್ಲಿ ೮೭೬ರ ಶಾಸನವಿದೆ. ದೇವರ ಹೂದೋಟದ ಉದ್ದ ೨೭೦ ಮೊಳ, ದಿನಕ್ಕೆ ೫೦ ಹೂಮಾಲೆ ಅಂತ ಕೆತ್ತಿದ್ದಾರೆ. ಎರಡರಲ್ಲೂ ಸೊನ್ನೆ ಪುಟ್ಟ ಉಂಗುರದ ಹಾಗೆ ಕೂತಿದೆ. ಇಟಲಿಯ ಪೀಸಾ ಊರಿನ ಗಣಿತಜ್ಞ ಫಿಬೊನಾಚಿ ಈ ಅಂಕಿಗಳನ್ನು ಕಲಿತದ್ದು ಉತ್ತರ ಆಫ್ರಿಕಾದ ಬಂದರಿನಲ್ಲಿ, ಅಪ್ಪನ ಕೆಲಸದ ದೆಸೆಯಿಂದ ಅಲ್ಲಿಗೆ ಹೋಗಿದ್ದಾಗ. ೧೨೦೨ರಲ್ಲಿ ಅದನ್ನು ಪುಸ್ತಕವಾಗಿ ಬರೆದ. ಆದರೂ ೧೨೯೯ರಲ್ಲಿ ಫ್ಲಾರೆನ್ಸ್‌ನ ಹಣ ವಿನಿಮಯಗಾರರ ಸಂಘ ಲೆಕ್ಕದ ಪುಸ್ತಕದಲ್ಲಿ ಈ ಅಂಕಿ ಬರೆಯಕೂಡದು ಅಂತ ಕಟ್ಟಳೆ ಮಾಡಿತು. ಪರದೇಶದ ಹುಡುಗ ಹಾಸ್ಟೆಲ್ಲಿಗೆ ಬಂದ ಹೊಸದರಲ್ಲಿ ಎಲ್ಲರೂ ದೂರವೇ ಕೂರುತ್ತಾರಲ್ಲ, ನನಗೆ ಅದೇ ನೆನಪಾಯಿತು.

ನಾವು ಇಂಗ್ಲಿಷ್ ಅಂಕಿ ಅನ್ನುತ್ತೇವಲ್ಲ, ಸಂವಿಧಾನದ ೩೪೩ನೇ ವಿಧಿ ಅದನ್ನು ಕರೆಯುವುದು ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’ ಅಂತ. ಊರೂರು ಸುತ್ತಿ ಗುರುತು ಎಲ್ಲರದೂ ಒಂದೇ ಆಯಿತು, ಹೆಸರುಗಳು ಮಾತ್ರ ಅವರವರ ಮನೆಯಲ್ಲೇ ಉಳಿದವು. ಆ ಹೆಸರುಗಳನ್ನು ಕೇಳದಿದ್ದರೆ ಪಕ್ಕದ ಮಂಚದವನು ಗೊತ್ತಾಗುವುದು ಹೇಗೆ ಹೇಳು?

ಹುತ್ತರಿಗೆ ಅವನನ್ನು ಮನೆಗೆ ಕರೆದಿದ್ದೇನೆ. ಕದಿರು ತೆಗೆಯುವಾಗ ಹೇಳಲು "ಪೊಲಿ ಪೊಲಿ ದೇವಾ" ಈಗಾಗಲೇ ಕಲಿತಿದ್ದಾನೆ. ಹೆಚ್ಚಲಿ ದೇವರೇ ಅಂತ ಅರ್ಥ ಹೇಳಿಕೊಟ್ಟೆ. ಅಜ್ಜ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನದೆ ‘ಲಾಭ’ ಅನ್ನುತ್ತಾರೆ ಅಂದಾಗ ಅದನ್ನು ಕಿವಿಯಾರೆ ಕೇಳಲೇಬೇಕು ಅಂತ ಹಟ ಹಿಡಿದಿದ್ದಾನೆ. ನೀನೂ ಎರಡು ದಿನ ರಜೆ ಹಾಕಿ ಬಾ. ಬರುವ ಮುಂಚೆ ನಿನ್ನ ಧಾರವಾಡದ ಕೋಣೆಯವರು ಒಂಬತ್ತಕ್ಕೆ ಏನನ್ನುತ್ತಾರೆ ಅಂತ ಕೇಳಿಕೊಂಡು ಬಾ.

ನಿನ್ನ
ಗೆಳೆಯ